ಭೈರಪ್ಪನ ಕತ್ತಿನ ಬೆಳ್ಳಿ ಕೊಳವೆ

ಮೊನ್ನೆ ಶಿವಮೊಗ್ಗದಲ್ಲಿ ತೀರಿಕೊಂಡ ಡಾಕ್ಟರ್ ಉಮಾಮಹೇಶ್ವರರನ್ನು ಊರು ಮಿತಭಾಷಿ ಎಂದಿತು. ಮಿತಭಾಷಿಯಲ್ಲ, ದಣಿದವರು. ಭದ್ರಾವತಿಯ ಸಣ್ಣ ಆಸ್ಪತ್ರೆಯಲ್ಲಿ ಅವರೊಬ್ಬರೇ ಡಾಕ್ಟರಾಗಿದ್ದ ವರ್ಷಗಳು ಅವರನ್ನು ಹಾಗೆ ಮಾಡಿದವು.

ಮೂವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಭೈರಪ್ಪನನ್ನು ಎತ್ತಿನ ಗಾಡಿಯಲ್ಲಿ ತಂದರು. ಕಾಡಿನ ಕೂಲಿ ಅವನು; ದಿಮ್ಮಿ ಎಳೆಯುವಾಗ ಸರಪಳಿ ತುಂಡಾಗಿ ಅವನ ಕತ್ತಿಗೆ ಬಡಿದಿತ್ತು. ಜೊತೆಯವರು ಅರಿಶಿನ-ಸುಣ್ಣ ಮೆತ್ತಿ ಬಟ್ಟೆ ಸುತ್ತಿದ್ದರು.

"ಬರೀ ಊತ ಬುದ್ಧಿ, ಮಾತೊಂದು ಬರ್ತಿಲ್ಲ," ಎಂದಳು ಹೆಂಡತಿ ಕಾಳಮ್ಮ.

ಉಮಾಮಹೇಶ್ವರ ಬಟ್ಟೆ ಬಿಚ್ಚಿದರು. ಗಾಯವಿರಲಿಲ್ಲ. ಊತದ ಮೇಲೆ ಬೆರಳೊತ್ತಿದಾಗ ಚರ್ಮದಡಿಯಲ್ಲಿ ಅರಳು ನುರಿದಂತೆ ಚರಚರ ಎಂದಿತು. ಅಲ್ಲಿ ತುಂಬಿದ್ದು ಗಾಳಿ. ಒಳಗೆ ಶ್ವಾಸನಾಳ ಸೀಳಿತ್ತು. ತುಟಿ ಆಗಲೇ ನೀಲಿಗಟ್ಟಿತ್ತು. ಶಿವಮೊಗ್ಗದ ದೊಡ್ಡಾಸ್ಪತ್ರೆ ಮುಟ್ಟುವವರೆಗೆ ಉಳಿಯುವ ಜೀವವಲ್ಲ. ಅಲ್ಲೇ ಕತ್ತು ಮರಗಟ್ಟಿಸಿ ಕೊಯ್ದರು. ಸೀಳಿನ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿ ಬಾಗಿದ ಬೆಳ್ಳಿಯ ಕೊಳವೆ ಕೂರಿಸಿದರು. ಉಸಿರಾಟ ಸರಾಗವಾದ ಮೇಲೆ ಸೀಳಿಗೆ ಹೊಲಿಗೆ ಹಾಕಿದರು.

ಕೊಳವೆಯಲ್ಲಿ ಕಫ ಕಟ್ಟದಂತೆ ಕುದಿಸಿದ ಕೋಳಿಪುಕ್ಕದಿಂದ ಆಗಾಗ ಒರೆಸಬೇಕಿತ್ತು. ಊಟಕ್ಕೆ ಮನೆಗೆ ಹೋದ ಡಾಕ್ಟರ ಕೋಟಿನಲ್ಲಿ ಪುಕ್ಕ ಕಂಡ ಅವರ ಹೆಂಡತಿ ಸತ್ಯಭಾಮಾ ಬಾಗಿಲಲ್ಲೇ ತಡೆದರು. "ಇದೇನ್ರೀ, ಜೇಬಲ್ಲಿ ಕೋಳಿ ಸಾಕ್ತಿದ್ದೀರಾ? ಸ್ನಾನ ಮಾಡ್ದೆ ಒಳಗೆ ಬರ್ಬೇಡಿ."

ಆ ಸ್ನಾನ ಮುಗಿಸಿ, ಎರಡು ತುತ್ತು ಉಂಡು ಆಸ್ಪತ್ರೆಗೆ ಬರುವಷ್ಟರಲ್ಲಿ ಭೈರಪ್ಪ ಒದ್ದಾಡುತ್ತಿದ್ದ. ಕಾಳಮ್ಮ ಸೆರಗನ್ನು ಕೊಳವೆಯ ಬಾಯಿಗೆ ಒತ್ತಿ ಹಿಡಿದಿದ್ದಳು. ಡಾಕ್ಟರು ಅವಳ ಕೈ ಕಿತ್ತರು.

"ಪ್ರಾಣ ಸೋರಿ ಹೋಗ್ತಿತ್ತು ಬುದ್ಧಿ," ಎಂದು ಅವಳು ಅತ್ತಳು. "ಬುಸ್ ಬುಸ್ ಅಂತ ಹೊರಗೆ ಬರ್ತಿತ್ತು. ತಡೆದೆ."

ಬೈಯಲು ಅವರಲ್ಲಿ ತ್ರಾಣವಿರಲಿಲ್ಲ. ಒಂದು ನೂಲನ್ನು ಕೊಳವೆಯ ಮುಂದೆ ಹಿಡಿದರು. ನೂಲು ಹೊರಗೆ ಹಾರಿತು, ಮತ್ತೆ ಒಳಕ್ಕೆ ಬಾಗಿತು.

"ನೋಡಮ್ಮ, ಹೋಗೋದೂ ಇಲ್ಲೇ, ಬರೋದೂ ಇಲ್ಲೇ. ಸದ್ಯಕ್ಕೆ ಇದೇ ಅವನ ಮೂಗು."

ಅವಳು ಬಹಳ ಹೊತ್ತು ನೋಡಿ ತಲೆಯಾಡಿಸಿದಳು. ಆದರೂ ಅವರಿಗೆ ಬಿಟ್ಟುಹೋಗುವ ಧೈರ್ಯ ಬರಲಿಲ್ಲ. ಉಳಿದ ರೋಗಿಗಳನ್ನು ನೋಡಿ ಮತ್ತೆ ಆ ಮಂಚದ ಪಕ್ಕಕ್ಕೇ ಬಂದು ಕೂರುತ್ತಿದ್ದರು. ಊಟವೂ ಅಲ್ಲಿಗೇ ಬರುತ್ತಿತ್ತು.

ಕೆಲವು ದಿನಗಳಲ್ಲಿ ಹೊಲಿದ ಸೀಳು ಕೂಡಿಕೊಂಡಿತು. ಕೊಳವೆ ತೆಗೆದು ಪಟ್ಟಿ ಕಟ್ಟಿದರು. ಬದುಕಿದ, ಸರಿ, ದನಿ ಮರಳುತ್ತದೆಯೇ? ಕಾಯುತ್ತಾ ಕೂತಲ್ಲೇ ಅವರ ತಲೆ ವಾಲಿತು.

"ಕಾಳೀ... ನೀರು." ಒಡಕು ದನಿ, ಆದರೂ ಭೈರಪ್ಪನದೇ.

"ಮೆಲ್ಲಗೆ ಮಾರಾಯ!" ಕಾಳಮ್ಮ ಪಿಸುಗುಟ್ಟಿದಳು. "ಡಾಕ್ಟ್ರು ಮಲ್ಗವ್ರೆ."

ಉಮಾಮಹೇಶ್ವರರಿಗೆ ಎರಡೂ ಕೇಳಿಸಿದವು. ಕಣ್ಣು ತೆರೆಯಲಿಲ್ಲ.