ಮಗುಚಿ ಬಿಟ್ಟ ಮೂವತ್ತೆಂಟು ಕಲ್ಲುಗಳು

ಬೆಳಗಿನ ಆರೂಕಾಲು. ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಒಬ್ಬ ಹುಡುಗಿ ಮಂಡಿಯೂರಿ ಕೂತಿದ್ದಾಳೆ. ಚಪ್ಪಲಿ ಗೋಡೆಯ ಪಕ್ಕ, ಚೀಲ ಅದರ ಮೇಲೆ. ಅಂಗೈ ಅಗಲದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತುತ್ತಾಳೆ. ಅಡಿಯಲ್ಲಿ ಏನಿದೆಯೆಂದು ಎರಡು ಉಸಿರಿನಷ್ಟು ಹೊತ್ತು ನೋಡಿ, ಅದೇ ಕುಳಿಗೆ, ಅದೇ ಮಗ್ಗುಲಿಗೆ ಮೆಲ್ಲಗೆ ಇಳಿಸುತ್ತಾಳೆ. ನೋಟ್‌ಬುಕ್ಕಿನಲ್ಲಿ ಒಂದು ಗೀಟು. ದಿನಕ್ಕೆ ಐದೇ ಕಲ್ಲು. "ಜಾಸ್ತಿ ಎತ್ತಿದ್ರೆ ಅವಕ್ಕೆ ನಿದ್ದೆ ಕೆಡುತ್ತೆ ಅಜ್ಜಾ," ಎಂದು ಗಿಡಕ್ಕೆ ನೀರು ಹಾಕುತ್ತಿರುವ ನನಗೆ ಹೇಳುತ್ತಾಳೆ.

ಟೀಚರ್ ಆಗಲು ಓದುತ್ತಿರುವವಳು. ಹನ್ನೆರಡು ವಾರ ಈ ಶಾಲೆಯಲ್ಲಿ ಪಾಠ ಮಾಡಿ ತೋರಿಸಬೇಕು. ಎರಡು ಬಸ್ಸು ಬದಲಿಸಿ ಬರುತ್ತಾಳೆ. ವಾರಕ್ಕೆ ಎರಡು ಪೀರಿಯಡ್ಡು, ಬಯಲಲ್ಲೇ ಪಾಠ. ಮಕ್ಕಳು ಇಟ್ಟ ಹೆಸರು ಮಣ್ಣು ಮಿಸ್. ಬೆಳೆದದ್ದು ಮಾತ್ರ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ. ತಂದೆ ಟೈಲ್ಸ್ ಕೂರಿಸುವವರು. "ಅಪ್ಪ ನೆಲ ಮುಚ್ತಾರೆ, ನಾನು ತೆಗೀತೀನಿ. ಮನೇಲಿ ದಿನಾ ಇದೇ ಜಗಳ," ಎಂದು ನಗುತ್ತಾಳೆ.

ಆ ನಗು ಹೋದ ವರ್ಷ ನಿಂತೇ ಹೋಗಿತ್ತು.

ಹೇಗೆ ಕಲಿಸುತ್ತೇನೆ, ಏಕೆ ಕಲಿಸುತ್ತೇನೆ ಎಂದು ಅವರ ಕಾಲೇಜಿನಲ್ಲಿ ಪ್ರತಿಯೊಬ್ಬರೂ ಬರೆದು ಕೊಡಬೇಕು. ಶಿಕ್ಷಣ ದರ್ಶನ ಎಂದು ಅದಕ್ಕೆ ಹೆಸರು. ಇವಳು ಆರು ಪುಟ ಬರೆದಿದ್ದಳು. ಮಕ್ಕಳನ್ನು ಹೊರಗೆ ಬಿಡಿ, ಮುಟ್ಟಲಿ, ಎತ್ತಲಿ, ಉಳಿದದ್ದನ್ನು ಪ್ರಕೃತಿಯೇ ಕಲಿಸುತ್ತದೆ ಎಂಬುದು ಅದರ ಸಾರ. ಗುರುಗಳು ಮೆಚ್ಚಿ ಇಡೀ ತರಗತಿಗೆ ಓದಿ ಹೇಳಿದ್ದರು.

ಆ ಸಲ ಈ ಶಾಲೆಗೆ ಬಂದ ಮೂರನೇ ವಾರದ ಶುಕ್ರವಾರ ಮೂವತ್ತೆಂಟು ಮಕ್ಕಳನ್ನು ಇಲ್ಲಿಗೆ ಕರೆತಂದಳು. ಒಬ್ಬೊಬ್ಬರು ಒಂದೊಂದು ಕಲ್ಲು ಮಗುಚಿ, ಕಂಡದ್ದನ್ನು ಬರೆಯಬೇಕು. ಏನು ಕೂಗಾಟ, ಏನು ಸಂಭ್ರಮ! ಬೆಲ್ ಹೊಡೆಯಿತು, ಎಲ್ಲರೂ ಓಡಿದರು. ಕಲ್ಲುಗಳು ಅಂಗಾತ ಬಿದ್ದೇ ಇದ್ದವು. ಎರಡು ದಿನ ರಜೆ, ಸುಡುಬಿಸಿಲು.

ಈ ಶಾಲೆಯ ಗಿಡಗಳಿಗೆ ಮೂವತ್ತೊಂದು ವರ್ಷದಿಂದ ನೀರು ಹಾಕುವವನು ನಾನು. ಶುಕ್ರವಾರ ಸಂಜೆಯೇ ನೋಡಿದ್ದೆ. ಓದಿದವರು, ಏನೋ ಯೋಚಿಸಿಯೇ ಬಿಟ್ಟಿರಬೇಕು ಅಂದುಕೊಂಡು ಪೈಪು ಸುತ್ತಿಟ್ಟು ಮನೆಗೆ ಹೋದೆ.

ಸೋಮವಾರ ಅವಳು ಬಂದು ನೋಡಿದರೆ ಎರೆಹುಳುಗಳು ಒಣಗಿದ ದಾರದಂತೆ ನೆಲಕ್ಕೆ ಅಂಟಿದ್ದವು. ಉಗುರಿನಷ್ಟೇ ಇದ್ದ ಎರಡು ಕಪ್ಪೆಮರಿಗಳು ಚಕ್ಕೆಯಾಗಿದ್ದವು. ಮಕ್ಕಳು ಬರಲು ಇನ್ನೂ ಒಂದು ಗಂಟೆಯಿತ್ತು. ಅವತ್ತೇ ಪರೀಕ್ಷಕರು ಅವಳ ಪಾಠ ನೋಡಲು ಬರುವವರಿದ್ದರು.

"ಗಡಿಬಿಡಿಯಲ್ಲಿ ಏಳು ಕಲ್ಲು ವಾಪಸ್ ಇಟ್ಟೆ," ಎಂದು ತಲೆ ತಗ್ಗಿಸಿ ಹೇಳುತ್ತಾಳೆ. "ಎಂಟನೇದು ಕೈಯಲ್ಲಿತ್ತು. ಯಾರಿಗೂ ಗೊತ್ತಾಗ್ಬಾರ್ದು ಅಂತ ತಾನೇ ಇಡ್ತಾ ಇದೀನಿ ಅನ್ನಿಸ್ತು. ಥೂ ಅನ್ನಿಸ್ತು ಅಜ್ಜಾ."

ಆ ಏಳನ್ನೂ ಮತ್ತೆ ತೆಗೆದಳು. ಅವತ್ತಿಗೆಂದು ಸಿದ್ಧಮಾಡಿದ್ದ ಎಲೆಗಳ ಪಾಠ ಬದಿಗಿಟ್ಟು ಪರೀಕ್ಷಕರ ಎದುರೇ ಮಕ್ಕಳನ್ನು ಇಲ್ಲಿ ನಿಲ್ಲಿಸಿ, "ನೋಡಿ ಅಂದೆ, ಮುಚ್ಚಿ ಅನ್ನಲಿಲ್ಲ. ನಿಮ್ಮ ತಪ್ಪಲ್ಲ, ನಂದು," ಎಂದಳು. ಒಬ್ಬಳು ಪುಟ್ಟಿ ಕೇಳಿದಳು, "ಮಿಸ್, ನಿಮಗೂ ಮಾರ್ಕ್ಸ್ ಕಟ್ ಮಾಡ್ತಾರಾ?"

"ಮಾಡ್ಲಿ ಪುಟ್ಟಿ."

ಮಾಡಿದರು. ಯೋಜಿಸಿದ ಪಾಠ ನಡೆದಿಲ್ಲ, ಹನ್ನೆರಡು ವಾರವನ್ನೂ ಮುಂದಿನ ವರ್ಷ ಮತ್ತೆ ಮಾಡಬೇಕು ಎಂದು ಬರೆದು ಹೋದರು. ಜೊತೆಯವರು ಈಗ ಕೆಲಸದಲ್ಲಿದ್ದಾರೆ. ಇವಳು ಬೇರೆ ಶಾಲೆ ಕೇಳಬಹುದಿತ್ತು. ಇದನ್ನೇ ಕೇಳಿ ಬಂದಿದ್ದಾಳೆ.

ಆರು ಪುಟ ಈಗ ಅರ್ಧ ಪುಟವಾಗಿದೆ. ಹೊರಗೆ ಕರೆದೊಯ್ಯುವುದು ಅರ್ಧ ಪಾಠ, ಇದ್ದಂತೆ ಬಿಟ್ಟು ಬರುವುದು ಇನ್ನರ್ಧ ಎಂದು ಅದರಲ್ಲಿದೆ. ಬೆಲ್ಲಿಗೆ ಹತ್ತು ನಿಮಿಷ ಮೊದಲೇ ನೋಡುವುದು ನಿಲ್ಲುತ್ತದೆ, ಇಡುವುದು ಶುರುವಾಗುತ್ತದೆ. "ತುಂಬಾ ಚಿಕ್ಕದಾಯ್ತಲ್ಲಮ್ಮ," ಅಂದರಂತೆ ಗುರುಗಳು. "ಗೊತ್ತಿರೋದು ಅಷ್ಟೇ ಸರ್," ಅಂದಳಂತೆ ಇವಳು.

ಶುಕ್ರವಾರ ಸಂಜೆ ನಾನು ನೋಡಿಯೂ ಸುಮ್ಮನಿದ್ದೆ ಎಂದು ಅವಳಿಗೆ ಹೇಳಿದ್ದು ಮೊನ್ನೆ, ವರ್ಷದ ಮೇಲೆ. "ಒಂದು ಮಾತು ಹೇಳ್ಬಾರ್ದಿತ್ತಾ ಅಜ್ಜಾ," ಎಂದಳು. ಅಷ್ಟೇ.

ಇದುವರೆಗೆ ಆ ಮೂವತ್ತೆಂಟರಲ್ಲಿ ಇಪ್ಪತ್ಮೂರು ಕಲ್ಲುಗಳಡಿ ಮತ್ತೆ ಜೀವ ಓಡಾಡುತ್ತಿದೆ. ನಿನ್ನ ಬಗ್ಗೆ ಪೇಪರಿಗೆ ಬರೆಯಲೇ ತಾಯಿ ಎಂದು ಕೇಳಿದೆ. ಕೈಯ ಮಣ್ಣು ಒರೆಸಿಕೊಂಡು ಯೋಚಿಸಿದಳು.

"ಬರೀರಿ. ಆದ್ರೆ ಹದಿನೈದು ಇನ್ನೂ ಖಾಲಿ ಅಂತಾನೂ ಬರೀರಿ."