ರಾಕೆಟ್ಟಿನ ಪಕ್ಕದ ಮಿಣುಕು

ನಿಜ ಹೇಳುವುದು ನನಗೆ ಅಷ್ಟಾಗಿ ರೂಢಿಯಿಲ್ಲದ ಕೆಲಸ. ಸುಳ್ಳಿನಲ್ಲಾದರೆ ನನ್ನ ಕೈ ಚೆನ್ನಾಗಿ ಪಳಗಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಅರಳಿಕಟ್ಟೆಯಲ್ಲಿ ಬೇಕಾದರೂ ವಿಚಾರಿಸಿ. ಮದುವೆಯಾದ ಹೊಸದರಲ್ಲಿ ಕೋಟೆಯ ಮಾವನ ಮನೆಯಲ್ಲಿ ಒಂದು ಮಿಂಚುಹುಳುವಿನ ಮೇಲೆ ಗಾಜಿನ ಲೋಟ ಕವುಚಿಟ್ಟು, ಕರೆಂಟು ಬೇಡದ ಬಲ್ಬು ಬಂದಿದೆ ಎಂದಿದ್ದೆ. ಮಾವನವರು ಬೆಳಗಾಗುತ್ತಲೇ ಪೇಟೆಗೆ ಹೋಗಿ, ಆ ಬಲ್ಬನ್ನು ಬಚ್ಚಿಟ್ಟಿದ್ದೀಯೆಂದು ಅಂಗಡಿಯವನ ಕೂಡೆ ಜಗಳ ಮಾಡಿ ಬಂದರು. ಅಂಥ ಕಲಾವಿದ ನಾನು. ಆದರೆ ಕಲಾವಿದನಿಗೂ ಕಷ್ಟಕಾಲ ಬರುತ್ತದೆ. ಒಂದು ದಿನ ನಿಜವನ್ನೇ ಹೇಳಿ ನಂಬಿಸಬೇಕಾಗಿ ಬಂತು.

ಕಂಪಲಾಪುರದ ನನ್ನ ಬಾಲ್ಯದ ಗೆಳೆಯ ನಂಜಪ್ಪ ಹೊಗೆಸೊಪ್ಪು ಬೆಳೆಯುವವನು. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಹದ ಮಾಡುವ ಅವನ ಹೆಂಚಿನ ಮನೆ, ಅಂದರೆ ಬ್ಯಾರನ್ನು, ಹೋದ ವರ್ಷ ಸುಟ್ಟುಹೋಗಿತ್ತು. ಮೇಲೆ ಕಟ್ಟಿದ್ದ ಸೊಪ್ಪಿನ ಒಂದೇ ಒಂದು ಎಲೆ, ಒಲೆಯ ಕಾವು ಹಾಯುವ ಕೆಳಗಿನ ಕೊಳವೆಯ ಮೇಲೆ ಉದುರಿದ್ದೇ ಸಾಕಾಯಿತು. ಈ ವರ್ಷ ಗೋಡೆ ಎತ್ತಿ, ಹೆಂಚು ಹಾಕಿ, ಕೊಳವೆಯ ಮೇಲೆ ತಂತಿಬಲೆ ಹೊದಿಸಿ, ಮೊದಲ ಬೆಂಕಿಗೆ ಸಜ್ಜಾಗಿದ್ದ. ಅದನ್ನು ನೋಡಲೆಂದು ನಾನೂ ಹೋಗಿದ್ದೆ. ಆ ದಿನ ಬೆಳಿಗ್ಗೆಯೇ ಸೊಪ್ಪು ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್ನಿನ ಮುಂದೆ ನೆರಳಿಗೆ ಸಾಲಾಗಿ ಇಟ್ಟಿದ್ದರು.

ಅಷ್ಟರಲ್ಲಿ ಅವನ ಫೋನಿಗೆ ಒಂದು ವಿಡಿಯೋ ಬಂತು. ರಾಕೆಟ್ಟು ಮೇಲೇರುತ್ತಿದೆ, ಅದರ ಮೈಗೆ ಅಂಟಿಸಿದ ಕ್ಯಾಮೆರಾ ಕೆಳಗಿನ ಬೆಂಕಿಯನ್ನು ತೋರಿಸುತ್ತಿದೆ. ಬೆಂಕಿಯ ಪಕ್ಕದಲ್ಲಿ ಬೆಳ್ಳಗೆ ಮಿಣುಕುವ ಏನೇನೋ ಒಂದೊಂದಾಗಿ ತೇಲಿ ಬರುತ್ತವೆ, ಒಂದಂತೂ ಸರಕ್ಕನೆ ದಾರಿ ಬದಲಿಸುತ್ತದೆ. ಯಾರೋ ಪುಣ್ಯಾತ್ಮರು ಅದಕ್ಕೆ ಕೆಂಪು ಸುತ್ತು ಹಾಕಿ, ದೆವ್ವದ ಸಿನಿಮಾದ ಸಂಗೀತ ಕೂಡಿಸಿ, ಬೇರೆ ಲೋಕದವರು ಬಂದರೆಂದು ಸಾರಿದ್ದರು. ನಂಜಪ್ಪ ಬೇರೆ ಲೋಕವನ್ನು ನಂಬುವವನಲ್ಲ. ಅವನು ಕಂಡದ್ದೇ ಬೇರೆ.

"ನೋಡ್ಲಾ, ಬೆಂಕಿ ಪಕ್ಕ ಉದುರ್ತಾ ಅದೆ. ಎಲೆ ಉದುರ್ದಂಗೇ ಅದೆ! ಆ ರಾಕೆಟ್ಟೂ ಸುಟ್ಟೋಯ್ತದೆ ಬುಡು. ಬೆಂಕಿ ಮಡಗೋ ದಿನ್ವೇ ಇದು ಕಣ್ಣಿಗ್ ಬಿತ್ತಲ್ಲಾ. ನಾನಂತೂ ಇವತ್ತು ಹಚ್ಚಾಕಿಲ್ಲ."

ಬೆಳಕು ಕಂಡ ಕೂಡಲೇ ಅದರೊಳಗೆ ತನ್ನ ಮನೆಯ ಸಾಮಾನು ತುಂಬುವುದು ಮನುಷ್ಯನ ಸ್ವಭಾವ. ಆಕಾಶದ ಏಳು ಚುಕ್ಕಿಗಳಲ್ಲಿ ನಮ್ಮ ಹಿರಿಯರು ಏಳು ಋಷಿಗಳನ್ನು ಕಂಡರು. ಬೇರೆ ದೇಶದ ರೈತರಿಗೆ ಅವೇ ಚುಕ್ಕಿಗಳು ನೇಗಿಲಾದವಂತೆ. ಕಾಕನಕೋಟೆ ಕಾಡಿನ ಅಂಚಿನವರಿಗೆ ದೂರದಲ್ಲಿ ಏನು ಮಿನುಗಿದರೂ ಆನೆ ಕಾಯುವವನ ಬ್ಯಾಟರಿಯೇ. ನಂಜಪ್ಪನಿಗೆ ಬಾಹ್ಯಾಕಾಶದಲ್ಲೂ ಬ್ಯಾರನ್ನು ಕಂಡದ್ದರಲ್ಲಿ ಆಶ್ಚರ್ಯವೇನಿದೆ?

ಆಶ್ಚರ್ಯವಿಲ್ಲದಿದ್ದರೂ ಅವಸರವಿತ್ತು. ಕಟ್ಟಿದ ಹಸಿಸೊಪ್ಪು ಕಾಯುವುದಿಲ್ಲ. ಅಂದೇ ಬ್ಯಾರನ್ನಿಗೆ ಏರಿಸಿ ಬೆಂಕಿ ಕೊಡದಿದ್ದರೆ ಬೆವೆತು ಕಪ್ಪಾಗುತ್ತದೆ. ಬಂದ ಆಳುಗಳೆಲ್ಲ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನಂಜಪ್ಪನ ಹೆಂಡತಿ ಗೌರಮ್ಮ ನನ್ನ ಹತ್ತಿರ ಬಂದು, "ಅಣ್ಣಯ್ಯ, ಇವರ್ಗೆ ಬುದ್ಧಿ ಯೋಳಿ. ಇವತ್ತು ಹಚ್ಚಾಕಿಲ್ಲ ಅಂದೋರು ನಾಳಿಕ್ಕೂ ಹಚ್ಚಾಕಿಲ್ಲ. ಒಳಗೊಳಗೇ ಎದರ್ಕೊಂಡವ್ರೆ" ಎಂದಳು.

ಮೈಸೂರಿನಲ್ಲಿ ವಿಜ್ಞಾನ ಕಲಿಸುವ ನನ್ನ ತಂಗಿಯ ಮಗಳಿಗೆ ಮರೆಯಲ್ಲಿ ನಿಂತು ಫೋನು ಮಾಡಿದೆ. ಅವಳು ಹೇಳಿದ್ದನ್ನು ಹುಟ್ಟಿನಿಂದಲೇ ಬಲ್ಲವನಂತೆ ಬಂದು ನಂಜಪ್ಪನ ಮುಂದೆ ಒಪ್ಪಿಸಿದೆ. ರಾಕೆಟ್ಟಿನ ತೊಟ್ಟಿಯೊಳಗೆ ತುಂಬುವ ದ್ರವ ಮಹಾ ತಣ್ಣಗಿನದು. ಬೇಸಗೆಯಲ್ಲಿ ತಣ್ಣೀರಿನ ಚೊಂಬು ಬೆವರುವುದಿಲ್ಲವೇ, ಹಾಗೇ ಅದರ ಮೈಯೂ ಬೆವೆತು, ಆ ಬೆವರೇ ಮಂಜುಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ರಾಕೆಟ್ಟು ಅಲುಗಿ ಎದ್ದಾಗ ಆ ಚಕ್ಕೆಗಳು ಉದುರುತ್ತವೆ, ಬಿಸಿಲಿಗೆ ಹೊಳೆಯುತ್ತವೆ. ಕ್ಯಾಮೆರಾದ ಮೂತಿಯ ಹತ್ತಿರ ಬಂದರೆ ಉಗುರಿನಷ್ಟು ಚಕ್ಕೆಯೂ ಬಸ್ಸಿನಷ್ಟು ಕಾಣುತ್ತದೆ. ರಾಕೆಟ್ಟು ಉಗುಳುವ ಗಾಳಿ ತಾಗಿದರೆ ದಾರಿ ಬದಲಿಸುತ್ತದೆ.

ನಂಜಪ್ಪ ಎಲ್ಲವನ್ನೂ ಕೇಳಿ ನಕ್ಕ. "ಅಷ್ಟು ಬೆಂಕಿ ಪಕ್ಕ ಮಂಜುಗಡ್ಡೆ? ನಿನ್ ಬುರುಡೆನೆಲ್ಲ ನಿಮ್ಮಾವನ್ ತಾವ ಮಡೀಕೊ ಓಗ್ಲಾ."

ನನ್ನ ಜೀವಮಾನದಲ್ಲೇ ಅಂಥ ಅವಮಾನವಾಗಿರಲಿಲ್ಲ. ಹೇಳಿದ ಸುಳ್ಳುಗಳೆಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆದುಹೋಗಿದ್ದವು. ಇದೊಂದು ನಿಜ ಬಡಪಾಯಿಯ ಹಾಗೆ ಬಾಗಿಲಲ್ಲೇ ನಿಂತಿತ್ತು. ನಿಜಕ್ಕೂ ಸ್ವಲ್ಪ ವೇಷ ಹಾಕಿಸಬೇಕೆಂದು ಆಗ ಹೊಳೆಯಿತು.

ನಂಜಪ್ಪನ ರಟ್ಟೆ ಹಿಡಿದು ಖಾಲಿ ಬ್ಯಾರನ್ನಿನೊಳಕ್ಕೆ ಎಳೆದುಕೊಂಡು ಹೋದೆ. ಒಳಗೆ ಕತ್ತಲು. ಮೇಲಿನ ಗವಾಕ್ಷಿಯಿಂದ ಬಿಸಿಲಿನ ಒಂದೇ ಒಂದು ಕೋಲು ಇಳಿದಿತ್ತು. ಅವನ ಕೈಗೆ ಫೋನು ಕೊಟ್ಟು, "ವಿಡಿಯೋ ತೆಗಿ, ಮಾತಾಡ್ಬ್ಯಾಡ" ಎಂದೆ. ನಾನು ಹೇಳಿದಂತೆ ಗೌರಮ್ಮ ಒಂದು ಹಳೆಯ ಗೋಣಿಚೀಲ ತಂದು, ಗಂಡನ ಮೇಲಿನ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡು ಬಡಿದಳು. ಬಿಸಿಲಿಗೆ ದೂಳು ಎದ್ದು ಫಳಫಳ ಹೊಳೆಯಿತು. ನಾನು ಬಗ್ಗಿ ಉಫ್ ಎಂದು ಊದಿದೆ. ಅಷ್ಟೂ ಮಿಣುಕುಗಳು ಸರಕ್ಕನೆ ತಿರುಗಿದವು.

ಹೊರಗೆ ಬಂದು ವಿಡಿಯೋ ನೋಡಿದರೆ, ಕತ್ತಲಲ್ಲಿ ದುಂಡುದುಂಡನೆಯ ಬೆಳ್ಳನೆ ಚೆಂಡುಗಳು ತೇಲುತ್ತಿವೆ, ಓಲಾಡುತ್ತಿವೆ, ದಾರಿ ಬದಲಿಸುತ್ತಿವೆ.

"ಅಯ್ಯೋ ನಮ್ಮಪ್ಪ, ನಮ್ಮ ಬ್ಯಾರನ್ಗೂ ಬೇರೆ ಲೋಕದೋರು ಬಂದವ್ರಲ್ಲಾ!" ಎಂದಳು ಗೌರಮ್ಮ. ಆಳುಗಳು ಎದ್ದು ಬಂದು ಮುತ್ತಿಕೊಂಡರು. ನಂಜಪ್ಪ ಮಾತ್ರ ನಗಲಿಲ್ಲ. ಮತ್ತೆ ಒಳಗೆ ಹೋಗಿ, ತಾನೇ ಗೋಣಿ ಬಡಿದು, ತಾನೇ ಊದಿ ನೋಡಿದ. ಆಮೇಲೆ ರಾಕೆಟ್ಟಿನ ವಿಡಿಯೋವನ್ನು ಮೊದಲಿನಿಂದ ಹಾಕಿ, ಈ ಸಲ ಕೆಂಪು ಸುತ್ತನ್ನು ಬಿಟ್ಟು ರಾಕೆಟ್ಟನ್ನು ನೋಡಿದ.

"ಇಷ್ಟು ಉದುರ್ತಾ ಇದ್ರೂ ಅದು ಓಯ್ತಾನೇ ಅದಲ್ಲಾ."

"ಊಂ ಕಣ್ಲಾ. ಉದುರ್ತಿರೋದು ಅದರ್ದಲ್ಲ. ಮೇಲ್ಗಡೆ ಅಂಟ್ಕಂಡಿದ್ದು."

ಅವನು ಫೋನನ್ನು ಜೇಬಿಗಿಟ್ಟ. ಒಳಗೆ ಹೋಗಿ ಕೊಳವೆಯ ಮೇಲಿನ ತಂತಿಬಲೆಯನ್ನು ಉದ್ದಕ್ಕೂ ಕೈಯಿಂದ ಒತ್ತಿ ಒತ್ತಿ ನೋಡಿ ಬಂದು, ಆಳುಗಳ ಕಡೆ ತಿರುಗಿ ಗದರಿದ: "ಇನ್ನೂ ಎಷ್ಟೊತ್ತು ಕೂತ್ಕತ್ತೀರಿ? ಸೊಪ್ಪು ಬೆವರ್ತಾ ಅದೆ, ಏರ್ಸಿ!"

ಸಂಜೆಯ ಹೊತ್ತಿಗೆ ಬ್ಯಾರನ್ನು ತುಂಬಿತು. ನಂಜಪ್ಪ ಬಾಗಿಲಿಗೆ ಕುಂಕುಮವಿಟ್ಟು, ಕಾಯಿ ಒಡೆದು, ಒಲೆಗೆ ಬೆಂಕಿ ಹಚ್ಚಿದ. ಬೆಂಕಿ ಹಿಡಿಯಿತು. ಚಿಮಣಿಯಿಂದ ಹೊಗೆ ನೆಟ್ಟಗೆ ಎದ್ದಿತು. ಹೊಗೆಯ ಜೊತೆಗೇ ಒಂದು ಕಿಡಿ ಹಾರಿ, ಸ್ವಲ್ಪ ಪಕ್ಕಕ್ಕೆ ತೇಲಿ, ಹೆಂಚು ಮುಟ್ಟುವ ಮೊದಲೇ ಆರಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ನಂಜಪ್ಪನ ಮುಖ ನೋಡಿದೆ.

ಅವನು ಒಲೆಗೆ ಇನ್ನೊಂದು ಸೌದೆ ತಳ್ಳುತ್ತ, ತಲೆಯೆತ್ತದೆ ಹೇಳಿದ: "ಎದರ್ಕೋಬ್ಯಾಡ ಕಣ್ಲಾ. ಮಂಜುಗಡ್ಡೆ ಅದು."

ನಾಲ್ಕು ತಾಲ್ಲೂಕಿಗೆ ಸುಳ್ಳು ಹಂಚಿದ ನಾನು ಅಂದು ಇನ್ನೊಬ್ಬನ ಸುಳ್ಳಿಗೆ ಹೂಂಗುಟ್ಟಿದೆ. ಅಷ್ಟು ಒಳ್ಳೆಯ ಸುಳ್ಳನ್ನು ನಾನೂ ಹೇಳಿರಲಿಲ್ಲ.