ಗಜಕ್ಕೆ ಹದಿನಾರು ಗಿರಾ

ಸುರೇಬಾನದ ಆ ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದರಲ್ಲಿ ದೇವಕ್ಕನ ಗಂಡ ಶಂಕ್ರೆಪ್ಪ, ಇನ್ನೊಂದರಲ್ಲಿ ಅವನ ತಮ್ಮ ಕುಳಿತು ಸೀರೆ ನೇಯುತ್ತಿದ್ದರು. ಈ ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಇಬ್ಬರು ಎಂಬ ಉತ್ತರ ಬರುತ್ತಿತ್ತು. ಆ ಇಬ್ಬರ ಲಾಳಿಗಳಿಗೆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದವರು, ಹಾಸಿನ ನೂಲಿಗೆ ಗಂಜಿ ಕಾಯಿಸುತ್ತಿದ್ದವರು, ಹರಿದ ಎಳೆ ಹುಡುಕಿ ಕೂಡಿಸುತ್ತಿದ್ದವರು, ನಡುವೆ ಎದ್ದು ಹೋಗಿ ರೊಟ್ಟಿ ಬಡಿದು ಬರುತ್ತಿದ್ದವರು ಆ ಉತ್ತರದೊಳಗೆ ಇರಲಿಲ್ಲ.

ಎರಡು ಮಗ್ಗಕ್ಕೆ ಕಂಡಿಕೆ ಸುತ್ತಲು ಎರಡು ರಾಟಿ ಬೇಕು. ಒಂದನ್ನು ದೇವಕ್ಕ, ಇನ್ನೊಂದನ್ನು ಅವಳ ಅತ್ತೆ ತಾಯವ್ವ ತಿರುಗಿಸುತ್ತಿದ್ದರು. ಎಪ್ಪತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ತಾಯವ್ವನಿಗೆ ಕಣ್ಣು ಮಂಜಾಗಿ ಎಳೆ ಕಾಣದಾಯಿತು. ಆ ರಾಟಿಯ ಮುಂದೆ ದೇವಕ್ಕನ ಒಬ್ಬಳೇ ಮಗಳು ಚನ್ನವ್ವನನ್ನು ಕೂರಿಸಿದರು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಚನ್ನಿ ಎಂದು. ಆಗ ಅವಳಿಗೆ ಆರು ವರ್ಷ. ಜೂನ್ ತಿಂಗಳಲ್ಲಿ ಓಣಿಯ ಮಕ್ಕಳು ಸಾಲಿಗೆ ಹೊರಟಾಗ ಶಂಕ್ರೆಪ್ಪ, "ಒಂದ ವರ್ಷ ಹೋಗಲಿ, ಮುಂದ ನೋಡೂಣು," ಎಂದ.

ಒಂದು ವರ್ಷ ಹೋಗಲಿ ಎಂಬ ಮಾತು ದೇವಕ್ಕನಿಗೆ ಹೊಸದಲ್ಲ. ಸಂಪಗಾಂವದ ತವರುಮನೆಯಲ್ಲಿ ಅವಳು ನಾಲ್ಕನೆಯ ಇಯತ್ತೆ ಪಾಸಾದಾಗ ಅವಳ ಅಪ್ಪನೂ ಅದನ್ನೇ ಹೇಳಿದ್ದ. ಆ ವರ್ಷ ಇನ್ನೂ ಮುಗಿದಿರಲಿಲ್ಲ. ಚನ್ನಿಗೆ ಮನೆಯಲ್ಲೇ ಕಲಿಸುವುದೆಂದು ಅವಳು ನಿಶ್ಚಯಿಸಿದ್ದು ಹಾಗೆ. ಯಾರಿಗೂ ಹೇಳಲಿಲ್ಲ. ಹೇಳಲು ಆ ಮನೆಯಲ್ಲಿ ಅವಳಿಗೆ ಯಾರೂ ಇರಲಿಲ್ಲ.

ನೇಯ್ದ ಸೀರೆಗಳನ್ನು ರಾಮದುರ್ಗದ ಸಾವಕಾರರಿಗೆ ಮುಟ್ಟಿಸಿ ಬರುವುದು ಶಂಕ್ರೆಪ್ಪನ ಕೆಲಸ. ಶ್ರಾವಣದಲ್ಲಿ ಅವನು ಜ್ವರದಿಂದ ಮಲಗಿದಾಗ ಗಂಟು ಹೊತ್ತು ದೇವಕ್ಕ ಬಸ್ಸು ಹತ್ತಿದಳು. ಗಂಟು ಇಳಿಸಿದ ಮೇಲೆ ಮರಳುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಂಚಮಿಗೆ ಅಣ್ಣ ಕೈಯಲ್ಲಿಟ್ಟಿದ್ದ ದುಡ್ಡು ಸೆರಗಿನ ತುದಿಯಲ್ಲಿತ್ತು. ಪೇಟೆಯ ಪುಸ್ತಕದ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಳು. ಅಂಗಡಿಯ ಮಡಿವಾಳೆಪ್ಪ ಕನ್ನಡಕದ ಮೇಲಿನಿಂದ ನೋಡಿದ.

"ಯಾ ಇಯತ್ತಾದ್ದು ಬೇಕ್ರಿ ಅಕ್ಕಾರ?"

"ಸಾಲೀಗೆ ಹೋಗಲಾರದ ಹುಡುಗಿಗ್ರಿ."

"ಆ ಇಯತ್ತಾಕ್ಕ ಸರಕಾರ ಇನ್ನೂ ಪುಸ್ತಕ ಛಾಪಿಸಿಲ್ಲಲ್ರಿ," ಎಂದ ಅವನು. ಅವಳು ನಗದಿದ್ದುದನ್ನು ಕಂಡು ಎದ್ದು, ಒಂದೊಂದಾಗಿ ತೆಗೆದು ಮುಂದೆ ಹರಡಿದ.

ಅಂಕಲಿಪಿಯನ್ನು ಅವಳು ಯೋಚಿಸದೆ ಬದಿಗಿಟ್ಟುಕೊಂಡಳು. ಪಾಟಿಯನ್ನು ಬೆರಳಿನಿಂದ ಬಡಿದು ಸೀಳಿಲ್ಲವೆಂದು ನೋಡಿ ಅದನ್ನೂ ಇಟ್ಟುಕೊಂಡಳು. ತಂತಿಯಲ್ಲಿ ಬಣ್ಣದ ಮಣಿ ಪೋಣಿಸಿದ ಚೌಕಟ್ಟೊಂದಿತ್ತು. ಒಂದು ಸಾಲಿನ ಮಣಿಗಳನ್ನು ಆಚೆ ಈಚೆ ಸರಿಸಿ, ಎಣಿಸಲು ಮನೆಯಲ್ಲಿ ಕಂಡಿಕೆಗಳಿವೆಯಲ್ಲ ಎಂದುಕೊಂಡು ಬಿಟ್ಟಳು. ಕಷ್ಟವಾದದ್ದು ಲೆಕ್ಕದ ಪುಸ್ತಕ. ಮಡಿವಾಳೆಪ್ಪ ಕೊಟ್ಟದ್ದು ಹೊಸದು, ತೆಳ್ಳಗಿನದು, ಚಿತ್ರಗಳಿದ್ದದ್ದು. ಹಾಳೆ ತಿರುವಿದಂತೆ ಅಂಕಿಗಳ ನಡುವೆ ಚುಕ್ಕಿಗಳು ಕಂಡವು.

"ಈ ಚುಕ್ಕಿ ಯಾಕ್ರಿ ಇವು?"

"ಹೊಸಾ ಪದ್ಧತಿ. ಮೀಟರ, ಕಿಲೋ, ಎಲ್ಲಾ ಅದರಾಗ ಐತಿ. ಸಾಲ್ಯಾಗ ಮಾಸ್ತರ ತಿಳಿಸಿ ಹೇಳ್ತಾರ."

"ಮಾಸ್ತರ ಇರಲಾರದ ಮನ್ಯಾಗ ಯಾರು ಹೇಳ್ತಾರ್ರಿ?"

ಅವಳ ಕಣ್ಣು ಕಟ್ಟೆಯ ಕೆಳಗೆ ರದ್ದಿಯ ರಾಶಿಯ ಮೇಲಿದ್ದ ಒಂದು ದಪ್ಪ ಪುಸ್ತಕದ ಮೇಲೆ ಬಿತ್ತು. ರಟ್ಟು ಕಿತ್ತಿತ್ತು. ತೆರೆದ ಹಾಳೆಯ ಮೇಲಿನ ಲೆಕ್ಕ ಅವಳಿಗೆ ಗೊತ್ತಿತ್ತು. ಅದರ ಕೆಳಗಿನದೂ ಗೊತ್ತಿತ್ತು. ಸಂಪಗಾಂವದ ಸಾಲಿಯಲ್ಲಿ ಅವಳು ಕಲಿತದ್ದು ಇದನ್ನೇ: ಮಣ, ಸೇರು, ಛಟಾಕು, ಗಜ, ಗಿರಾ. ಬಟ್ಟೆಯ ಒಂದು ಗಜವನ್ನು ಹದಿನಾರು ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಗಿರಾ.

"ಅದನ್ನ ಪುಡಿಕಿ ಕಟ್ಟಾಕ ಇಟ್ಟೇನ್ರಿ ಅಕ್ಕಾರ. ಹಳೀದದು," ಎಂದ ಮಡಿವಾಳೆಪ್ಪ.

"ನಾನೂ ಹಳೇಕಿನ," ಎಂದು ದೇವಕ್ಕ ಅದನ್ನು ಎತ್ತಿಕೊಂಡಳು. ತನಗೆ ತಿಳಿಯದ ಪುಸ್ತಕದಿಂದ ಕಲಿಸುವುದಾದರೂ ಹೇಗೆ? ತಿಳಿದದ್ದನ್ನು ಆರಿಸಿದಳು. ಹಾಗೆ ಆರಿಸಿದ್ದರಲ್ಲಿ ಆ ದಿನ ಅವಳಿಗೆ ಯಾವ ತಪ್ಪೂ ಕಾಣಲಿಲ್ಲ.

ಪಾಠ ನಡೆಯುತ್ತಿದ್ದದ್ದು ರಾಟಿಯ ಮುಂದೆ. ಕೈ ನಿಂತರೆ ಮಗ್ಗದ ಕುಣಿಯಿಂದ "ಕಂಡಿಕಿ" ಎಂಬ ಕೂಗು ಬರುತ್ತಿತ್ತು. ಆದ್ದರಿಂದ ಕೈ ನಿಲ್ಲದಂತೆ ಕಲಿಸುವುದನ್ನು ದೇವಕ್ಕ ರೂಢಿ ಮಾಡಿಕೊಂಡಳು. ಪುಸ್ತಕ ಇಬ್ಬರ ನಡುವೆ ನೆಲದ ಮೇಲೆ ತೆರೆದಿರುತ್ತಿತ್ತು. ಹಾಳೆ ತಿರುವಬೇಕಾದರೆ ಕಾಲ ಹೆಬ್ಬೆರಳು. ಮೊದಮೊದಲು ವಿದ್ಯೆಗೆ ಕಾಲು ತಾಗಿತೆಂದು ಕೈಮುಗಿಯುತ್ತಿದ್ದಳು, ಆಮೇಲೆ ಬಿಟ್ಟಳು. ಬರೆಯುವ ಕೆಲಸ ಮಧ್ಯಾಹ್ನ ಗಂಡಸರು ಉಂಡು ಅಡ್ಡಾಗುವ ಹೊತ್ತಿಗೆ. ಮಗ್ಗದ ಗಜಕಡ್ಡಿಯ ಮೇಲೆ ಹದಿನಾರು ಗುರುತುಗಳಿದ್ದವು. ಅದನ್ನು ನೆಲದ ಮೇಲಿಟ್ಟು, ಗುರುತಿಗೊಂದು ಕಂಡಿಕೆ ಜೋಡಿಸಿ, ಕೂಡಿಸುವುದು ಕಳೆಯುವುದನ್ನು ಹೇಳಿಕೊಟ್ಟಳು. ಪುಸ್ತಕದಲ್ಲಿ ಗಜದ ಅಂಕಿಗೂ ಗಿರಾದ ಅಂಕಿಗೂ ನಡುವೆ ಸಣ್ಣ ಗೆರೆಯಿತ್ತು. ಗೆರೆ ಎಳೆಯುವಷ್ಟು ಹೊತ್ತು ಎಲ್ಲಿದೆ ಎಂದು ದೇವಕ್ಕ ಪಾಟಿಯ ಮೇಲೆ ಬಳಪದಿಂದ ಒಂದು ಚುಕ್ಕಿ ಇಡುತ್ತಿದ್ದಳು.

"ಬಾಯಿ ಆಡಿದ್ರ ಕೈ ನಿಲ್ತೈತಿ," ಎನ್ನುತ್ತಿದ್ದಳು ಮೂಲೆಯಲ್ಲಿ ಕುಳಿತ ತಾಯವ್ವ.

"ನಿಂತಿಲ್ರಿ ಅತ್ತಿ."

"ನನಗ ಕಾಣೂದಿಲ್ಲಂತ ಹೇಳ್ತಿ."

"ಕೇಳ್ತೈತೆಲ್ರಿ ರಾಟಿ ಸಪ್ಪಳ."

ತಾಯವ್ವ ಕಿವಿಗೊಟ್ಟು ಕೇಳಿ, ತಪ್ಪು ಸಿಗದೆ, "ದೊಡ್ಡ ಮಾಸ್ತರಣಿ," ಎಂದು ಗೊಣಗುತ್ತಿದ್ದಳು.

ಮೂರು ವರ್ಷ ಹೀಗೆ ನಡೆಯಿತು. ಚನ್ನಿ ಮೂವತ್ತರವರೆಗೆ ಮಗ್ಗಿ ಹೇಳಿದಳು. ಕಾಲು, ಅರೆ, ಮುಕ್ಕಾಲು ಮಗ್ಗಿ ಹೇಳಿದಳು. ಬಳಿಕ ತಾನೇ ಲೆಕ್ಕ ಹುಟ್ಟಿಸಿ ತಾಯಿಗೆ ಹಾಕತೊಡಗಿದಳು. ದೇವಕ್ಕ ಬೇಕೆಂದೇ ತಪ್ಪು ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದಳು. ಗಂಡನ ಜೊತೆ ಅವಳ ಮಾತು ಊಟ, ನೂಲು, ನೀರು ಇಷ್ಟಕ್ಕೆ ಮುಗಿಯುತ್ತಿತ್ತು. ಓಣಿಯ ಹೆಂಗಸರೂ ರಾಟಿ ಬಿಟ್ಟು ಬರುವವರಲ್ಲ. ಮದುವೆಯಾಗಿ ಹತ್ತು ವರ್ಷದಲ್ಲಿ ಅವಳೊಡನೆ ತಿರುಗಿ ಮಾತಾಡಿದ ಮೊದಲ ಜೀವ ಈ ಹುಡುಗಿ.

ಚನ್ನಿಗೆ ಒಂಬತ್ತು ತುಂಬಿದಾಗ ದೇವಕ್ಕ ಗಂಡನ ಮುಂದೆ ಸಾಲಿಯ ಮಾತು ತೆಗೆದಳು.

"ಒಂಬತ್ತ ವರ್ಷದಾಕಿ ಒಂದನೇತ್ತಾದಾಗ ಕೂಸುಗಳ ಸಂಗಾಟ ಕುಂದರ್ತಾಳೇನು? ಮಂದಿ ನಗ್ತಾರ," ಎಂದ ಶಂಕ್ರೆಪ್ಪ.

"ಮೂರನೇತ್ತಾಕ್ಕ ತುಗೋತಾರ್ರಿ. ಅಷ್ಟು ಬರ್ತೈತಿ ಅಕಿಗೆ."

"ಮೂರನೇತ್ತಾಕ್ಕ ತುಗೊಂಡ್ರ ಕಳಸೂಣು. ಕಡಿಮಿ ಅಂದ್ರ ಮನ್ಯಾಗ ಇರಲಿ. ಮತ್ತ ಮತ್ತ ಈ ಮಾತು ಬ್ಯಾಡ."

ಅದು ಒಂದೇ ಸಲದ ಅವಕಾಶ ಎಂದು ದೇವಕ್ಕನಿಗೆ ಗೊತ್ತಾಯಿತು.

ಸಾಲಿಯ ಹೆಡ್‌ಮಾಸ್ತರರು ನಿಜಗುಣಪ್ಪನವರು. ಜೂನ್ ತಿಂಗಳ ಒಂದು ಸೋಮವಾರ ಚನ್ನಿಯನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡರು. ಶಂಕ್ರೆಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ದೇವಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಚನ್ನಿ ಓದಿದಳು, ಹೇಳಿದ್ದನ್ನು ಬರೆದಳು.

"ಏಳ ಮುಕ್ಕಾಲ?" ಎಂದು ಮುಕ್ಕಾಲು ಮಗ್ಗಿ ಕೇಳಿದರು ಮಾಸ್ತರರು.

"ಐದೂ ಕಾಲ್ರಿ."

"ಹದಿಮೂರ ಮುಕ್ಕಾಲ?"

"ಒಂಬತ್ತೂ ಮುಕ್ಕಾಲ್ರಿ."

ಮಾಸ್ತರರು ಬೆರಳು ಮಡಿಚಿ ತಾವೇ ಲೆಕ್ಕ ಹಾಕಿ ನೋಡಿಕೊಂಡರು. "ಇದು ನಮ್ಮ ಸಾಲ್ಯಾಗ ಯಾರಿಗೂ ಬರೂದಿಲ್ಲ ಈಗ," ಎಂದು ಎದ್ದು ಹಲಗೆಯ ಮೇಲೆ ಬರೆದರು. ಅರಿವೆ ೨.೧೨ ಮೀಟರು, ಮತ್ತೆ ೧.೦೮ ಮೀಟರು. ಒಟ್ಟು ಎಷ್ಟು?

ಚನ್ನಿ ಕ್ಷಣವೂ ತಡೆಯದೆ ಬರೆದಳು: ೪.೪.

ಮಾಸ್ತರರು ನಕ್ಕರು. "ಮೂರು ಪಾಯಿಂಟ್ ಇಪ್ಪತ್ತು ಬರಬೇಕಲ್ಲ. ನಾಕು ಎಲ್ಲಿಂದ ತಂದಿ?"

"ಹನ್ನೆರಡೂ ಎಂಟೂ ಇಪ್ಪತ್ರಿ. ಅದರಾಗ ಹದಿನಾರು ಹೋದ್ರ ನಾಕು ಉಳಿತೈತಿ. ಒಂದು ಗಜ ಆ ಕಡೆ ಹೋಗ್ತೈತಿ."

"ಹದಿನಾರು ಯಾಕ?"

"ಗಜಕ್ಕ ಹದಿನಾರು ಗಿರಾ ಅಲ್ರಿ?" ಎಂದಳು ಚನ್ನಿ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ.

"ಗಜ ಸತ್ತು ಹತ್ತ ವರ್ಷಾತು ತಂಗಿ. ಸೂತಕಾನೂ ಮುಗೀತು." ಮಾಸ್ತರರು ಪಕ್ಕದ ಕೋಣೆಯ ಇನ್ನೊಬ್ಬ ಮಾಸ್ತರನನ್ನು ಕರೆದು ಹಲಗೆ ತೋರಿಸಿದರು. ಅವನೂ ನಕ್ಕ. ದೇವಕ್ಕ ಬಾಗಿಲಿನಿಂದ ಲೆಕ್ಕವನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದಳು. ಅವಳಿಗೆ ಗೊತ್ತಿದ್ದ ಎಲ್ಲ ರೀತಿಯಲ್ಲೂ ಅದು ಸರಿಯಾಗಿತ್ತು. ಆಮೇಲೆ ಆ ಚುಕ್ಕಿಯನ್ನು ನೋಡಿದಳು. ಮೂರು ವರ್ಷ ಅವಸರದಲ್ಲಿ ತಾನು ಇಟ್ಟದ್ದೂ ಅಂಥದೇ ಚುಕ್ಕಿ.

"ಹುಡುಗಿ ಚುರುಕ ಅದಾಳ, ಸುಳ್ಳಲ್ಲ," ಎಂದರು ನಿಜಗುಣಪ್ಪನವರು. "ಆದ್ರ ಕಲತದ್ದನ್ನ ಮೊದಲ ಮರೀಬೇಕು. ಎರಡನೇತ್ತಾಕ್ಕ ಕುಂದರಸೂಣು."

ಕಟ್ಟೆಯಿಂದ ಶಂಕ್ರೆಪ್ಪ ಎದ್ದ. ಟೊಪ್ಪಿಗೆ ಸರಿಮಾಡಿಕೊಂಡು, "ಹಂಗಾರ ಬ್ಯಾಡ್ರಿ ಮಾಸ್ತರ್ರ. ಮನ್ಯಾಗ ರಾಟಿ ಖಾಲಿ ಬಿದ್ದೈತಿ," ಎಂದ.

ಗಂಡನ ಎದುರು ಪರ ಗಂಡಸಿನೊಡನೆ ದೇವಕ್ಕ ಎಂದೂ ಮಾತಾಡಿದವಳಲ್ಲ. ಬಾಗಿಲು ಬಿಟ್ಟು ಒಳಗೆ ಬಂದಳು.

"ತಪ್ಪು ಅಕೀದಲ್ರಿ ಮಾಸ್ತರ್ರ, ನಂದು. ನಾ ಕಲಿಸಿದ್ದನ್ನ ಅಕಿ ಬರದಾಳ. ನೀವು ಕಲಿಸಿದ್ರ ನಿಮ್ಮದನ್ನೂ ಬರೀತಾಳ. ಮೂರನೇತ್ತಾದಾಗ ಕುಂದರಸ್ರಿ."

"ನೀವೇನು ಓದೀರಿ?"

"ನಾಕನೇತ್ತಾ."

"ಹೂಂ." ಮಾಸ್ತರರು ಹಲಗೆಯನ್ನೂ ಹುಡುಗಿಯನ್ನೂ ನೋಡಿದರು. "ಮೂರು ತಿಂಗಳು ನೋಡ್ತೇನಿ. ಆದ್ರ ಒಂದ ಮಾತು. ಮನ್ಯಾಗ ನೀವು ಲೆಕ್ಕ ಹೇಳಿಕೊಡೂದು ಬಂದಾಗಬೇಕು. ಇಲ್ಲೊಂದು, ಅಲ್ಲೊಂದು ಕಲತ್ರ ಎರಡೂ ಕೆಡ್ತಾವ. ಮತ್ತ ಹದಿನಾರು ಕಂಡ್ರ ಒಂದನೇತ್ತಾಕ್ಕ ಇಳಸ್ತೇನಿ."

"ಆತ್ರಿ."

"ರಾಟಿ?" ಎಂದ ಶಂಕ್ರೆಪ್ಪ.

"ಅಕಿ ರಾಟಿ ನಾ ತಿರಗಸ್ತೇನ್ರಿ," ಎಂದಳು ದೇವಕ್ಕ. ಒಂದು ಉಸಿರಿನಲ್ಲಿ ಎರಡಕ್ಕೂ ಒಪ್ಪಿಕೊಂಡಳು. ಯಾವುದು ಹೆಚ್ಚು ಭಾರವೆಂದು ಆಗ ಅವಳಿಗೆ ತಿಳಿಯಲಿಲ್ಲ.

ಎರಡು ಮಗ್ಗಕ್ಕೆ ಒಬ್ಬಳೇ ಸುತ್ತುವುದೆಂದರೆ ಕೋಳಿ ಕೂಗುವ ಮೊದಲೇ ಏಳಬೇಕು. ಅದನ್ನು ಮೈ ತಾಳಿಕೊಂಡಿತು. ತಾಳಲಾಗದ್ದು ಚನ್ನಿ ಸಾಲಿಯಲ್ಲಿರುವ, ಹನ್ನೊಂದರಿಂದ ಐದರವರೆಗಿನ ಹೊತ್ತು. ಮಗ್ಗಗಳು ಬಡಿಯುತ್ತಿದ್ದವು, ಗಂಡಸರು ಒಬ್ಬರಿಗೊಬ್ಬರು ಏನೋ ಹೇಳಿ ನಗುತ್ತಿದ್ದರು, ತಾಯವ್ವ ತೂಕಡಿಸುತ್ತಿದ್ದಳು. ಒಂದು ದಿನ ಮುದುಕಿ ತಲೆಯೆತ್ತಿ ಕೇಳಿದಳು.

"ಯಾರ ಕೂಡ ಮಾತಾಡಾಕತ್ತಿ?"

"ಯಾರ ಕೂಡಾನೂ ಇಲ್ರಿ."

"ಹತ್ತೊಂಬತ್ತರ ಮಗ್ಗಿ ಅಂದ್ಹಂಗಾತು."

"ಇಲ್ರಿ ಅತ್ತಿ."

ಮೊದಲ ವಾರ ಚನ್ನಿ ಸಾಲಿಯಿಂದ ಬಂದವಳೇ ಎಲ್ಲವನ್ನೂ ಹೇಳುತ್ತಿದ್ದಳು: ಯಾರು ಪೆಟ್ಟು ತಿಂದರು, ಯಾರ ಬುತ್ತಿಯ ಗಂಟಿನಲ್ಲಿ ಯಾವ ಚಟ್ನಿ. ಲೆಕ್ಕದ ಮಾತು ಮಾತ್ರ ಬರುತ್ತಿರಲಿಲ್ಲ. ಸಂಜೆ ಗೋಡೆಯ ಕಡೆ ಮುಖ ಮಾಡಿ ಲೆಕ್ಕ ಬಿಡಿಸುತ್ತಿದ್ದಳು. ದೇವಕ್ಕ ಬಗ್ಗಿದರೆ ಪಾಟಿಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು.

"ನಿನ್ನ ಕೂಡ ಲೆಕ್ಕ ಮಾಡಬ್ಯಾಡ ಅಂದಾರ ಅವ್ವಾ."

"ನಾ ಏನೂ ಹೇಳೂದಿಲ್ಲ. ನೀ ಹೇಳಿದ್ರ ಕೇಳ್ತೇನಿ ಅಷ್ಟ."

"ಕೇಳಿದ್ರೂ ನೀ ನಡಬರಕ ಹದಿನಾರು ಅಂತಿ," ಎಂದು ಚನ್ನಿ ನಕ್ಕಳು. ದೇವಕ್ಕನೂ ನಕ್ಕಳು. ಹುಡುಗಿ ಮಾಡುತ್ತಿದ್ದುದು ಸರಿ. ಮಾತು ಕೊಟ್ಟವಳು ತಾನೇ.

ದಸರೆಯ ರಜೆಗೆ ಮೊದಲು ನಿಜಗುಣಪ್ಪನವರು ಹೇಳಿಕಳಿಸಿದರು. ಚನ್ನಿ ಮೂರನೆಯ ಇಯತ್ತೆಯಲ್ಲೇ ಇರಲಿ, ಲೆಕ್ಕದಲ್ಲಿ ಮೊದಲಿನ ಐದು ಮಂದಿಯೊಳಗೆ ಇದ್ದಾಳೆ ಎಂದು. ಆ ದಿನ ನೂಲು ತೂಗಲು ಬಂದವನ ಮುಂದೆ ಶಂಕ್ರೆಪ್ಪ, "ನಮ್ಮ ಮನಿತನದಾಗ ಮೊದಲಿಂದ ಲೆಕ್ಕದ ತಲಿ ಐತಿ," ಎಂದು ಹೇಳುತ್ತಿದ್ದುದು ಗಂಜಿಯ ಗಡಿಗೆ ಇಳಿಸುತ್ತಿದ್ದ ದೇವಕ್ಕನಿಗೆ ಕೇಳಿಸಿತು. ಅವಳು ಅದನ್ನು ತಿದ್ದಲು ಹೋಗಲಿಲ್ಲ. ತಾನು ಮಾತು ಕೊಟ್ಟ ಮೂರು ತಿಂಗಳು ಮುಗಿದವು ಎಂಬುದೊಂದೇ ತಲೆಯಲ್ಲಿತ್ತು. ಮಧ್ಯಾಹ್ನದೊಳಗೆ ಎರಡೂ ಮಗ್ಗದ ಕಂಡಿಕೆ ಸುತ್ತಿ, ಸಂಜೆಯ ರೊಟ್ಟಿಯನ್ನು ಮುಂಚೆಯೇ ಬಡಿದಿಟ್ಟು, ಕೈ ತೊಳೆದು ಮಗಳ ಪಕ್ಕ ಹೋಗಿ ಕುಳಿತಳು.

ಚನ್ನಿಯ ತೊಡೆಯ ಮೇಲೆ ಈಗ ಹಾಳೆಯ ವಹಿ. ಮೊದಲಿನಂತೆ ಲೆಕ್ಕವನ್ನು ಬಾಯಲ್ಲಿ ಹೇಳಿಕೊಳ್ಳುತ್ತಿರಲಿಲ್ಲ. ತುಟಿ ಅಲ್ಲಾಡದೆ ಅಂಕಿಗಳು ಕೆಳಕೆಳಗೆ ಇಳಿಯುತ್ತಿದ್ದವು.

"ಈಗ ಹೇಳಬಹುದಲ್ಲ," ಎಂದಳು ದೇವಕ್ಕ. "ಒಂದ ಲೆಕ್ಕ ನನಗೂ ಹೇಳ."

ಚನ್ನಿ ಗೋಡೆ ಬಿಟ್ಟು ತಾಯಿಯ ಕಡೆ ತಿರುಗಿದಳು. ಪ್ರೀತಿಯಿಂದಲೇ, ಮಾಸ್ತರರು ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಚುಕ್ಕಿಯ ಈ ಕಡೆಯವು ಇಡೀ ಅಂಕಿ, ಆ ಕಡೆಯ ಮೊದಲನೆಯದು ಹತ್ತರಲ್ಲಿ ಒಂದು, ಅದರಾಚೆಯದು ನೂರರಲ್ಲಿ ಒಂದು. ಹತ್ತರಿಂದ ಗುಣಿಸಿದರೆ ಚುಕ್ಕಿ ಒಂದು ಮನೆ ಸರಿಯುತ್ತದೆ. ದೇವಕ್ಕ ಮಗಳ ಬೆರಳಿನ ಹಿಂದೆಯೇ ಕಣ್ಣು ಓಡಿಸಿದಳು. ಒಂದೊಂದು ಮಾತೂ ತಿಳಿಯುತ್ತಿತ್ತು. ಲೆಕ್ಕ ತಿಳಿಯಲಿಲ್ಲ. ಚುಕ್ಕಿ ಹೇಗೆ ಸರಿಯುತ್ತದೆ, ಯಾರು ಸರಿಸುತ್ತಾರೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಚನ್ನಿ ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದಳು.

"ತಿಳೀತು?"

"ಹೂಂ," ಎಂದಳು ದೇವಕ್ಕ.

ತಾಯಿಗೆ ತಿಳಿಯಿತೆಂದು ಚನ್ನಿ ನಂಬಿದಳು. ಹಾಳೆ ತಿರುವಿ ಮುಂದಿನ ಲೆಕ್ಕಕ್ಕೆ ಹೋದಳು.